ಬೆಂಕಿ ಇದ್ಯಾ ಸಾರ್?

ನನ್ನ ಅಕ್ಕನ ಮಗನಿಗೆ ಈಗ ಇಪ್ಪತ್ತನಾಲ್ಕು. ಬೆಂಗಳೂರಿನಲ್ಲಿ, ಬೆಳ್ಳಂದೂರಿನ ಕಡೆ ಒಂದು ಕಂಪನಿಯಲ್ಲಿ ಕೆಲಸ. ಏನೋ ಕೆಲಸದ ಮೇಲೆ ಆ ಕಡೆ ಹೋಗಿದ್ದವನು, ಬಂದಿದ್ದೂ ಆಯ್ತು, ಹುಡುಗನ ಮುಖ ನೋಡಿಕೊಂಡೇ ಹೋಗೋಣ ಅಂತ ಆಫೀಸಿನ ಎದುರಿನ ಟೀ ಅಂಗಡಿಯ ಹತ್ತಿರ ನಿಂತು ಫೋನ್ ಮಾಡಿದೆ. ರಿಂಗಾಗಿದ್ದು ನನ್ನ ಬೆನ್ನ ಹಿಂದೆಯೇ. ತಿರುಗಿದರೆ ನಾಲ್ಕೈದು ಹುಡುಗರು, ಒಬ್ಬಳು ಹುಡುಗಿ, ಎಲ್ಲರ ಕೊರಳಲ್ಲೂ ಐಡಿ ಕಾರ್ಡು, ನಡುವೆ ನಮ್ಮವನು. ನನ್ನನ್ನು ನೋಡಿದ್ದೇ ತಡ, ಅವನ ಬಲಗೈ ಸರಕ್ಕನೆ ಬೆನ್ನ ಹಿಂದೆ ಹೋಯಿತು. "ಏನ್ ಮಾಮ, ಹೇಳ್ದೆ ಕೇಳ್ದೆ ಬಂದ್‌ಬಿಟ್ಟಿದ್ದೀರ!" ಅಂದ. ಮುಖದಲ್ಲಿ ನಗು, ತಲೆಯ ಹಿಂದೆ ಹೊಗೆ. ಊದುಬತ್ತಿ ಹಚ್ಚಿಟ್ಟ ದೇವರ ಪಟದ ಹಾಗೆ ಕಾಣುತ್ತಿದ್ದ.

ಎಲಾ ಇವನಾ ಅನ್ನಿಸಿತು. ಆದರೆ ನಾನೂ ಒಂದು ಕಾಲಕ್ಕೆ ಪಾಪ ಮಾಡಿದವನೇ. ಬೈಯುವ ಬದಲು ಮಾತು ಬೆಳೆಸಿದೆ. ಅಮ್ಮನ ಮೊಣಕಾಲು ಹೇಗಿದೆ, ರೂಮಿಗೆ ನೀರು ಬರ್ತಾ ಇದೆಯಾ, ಪಿಎಫ್ ಕಟ್ ಮಾಡ್ತಾರಾ, ಊರಿನ ಹಬ್ಬಕ್ಕೆ ರಜಾ ಹಾಕ್ತೀಯಾ. ಅವನು ಒಂದೊಂದಕ್ಕೂ ಹೂಂ, ಹೂಂ ಅನ್ನುತ್ತಾ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ಬೆನ್ನ ಹಿಂದಿನ ಬೆಂಕಿ ಬೆರಳಿನ ಕಡೆಗೆ ಪಯಣ ಬೆಳೆಸಿತ್ತು ಅನ್ನುವುದು ನನಗೂ ಗೊತ್ತು, ಅವನಿಗೂ ಗೊತ್ತು, ಅವನ ಹಿಂದೆ ನಿಂತು ತುಟಿ ಕಚ್ಚಿಕೊಂಡಿದ್ದ ಆ ಹುಡುಗಿಗೂ ಗೊತ್ತು. ಕೊನೆಗೆ "ಸ್ಸ್" ಅಂತ ಕೈ ಒದರಿದ. "ಏನಾಯ್ತೋ?" "ಸೊಳ್ಳೆ ಮಾಮ." ಬೆಳಗ್ಗೆ ಹನ್ನೊಂದು ಗಂಟೆ, ರಣರಣ ಬಿಸಿಲು. ಬೆಳ್ಳಂದೂರಿನ ಸೊಳ್ಳೆಗೆ ಹೊತ್ತುಗೊತ್ತು ಇಲ್ಲ ಅಂತ ನಾನೂ ಒಪ್ಪಿಕೊಂಡೆ.

ನಮ್ಮಲ್ಲಿ ಸಿಗರೇಟು ಸೇದುವುದು ಅಂಥ ದೊಡ್ಡ ತಪ್ಪೇನಲ್ಲ. ಎದುರಿಗೆ ಸೇದುವುದು ತಪ್ಪು. ಹಿರಿಯರು ಕಂಡರೆ ಬೀಡಿ ಬೆನ್ನ ಹಿಂದೆ ಹೋಗಬೇಕು. ಹೋದರೆ ಹುಡುಗ ಸಂಸ್ಕಾರವಂತ. ಹಿರಿಯರೂ ಇದಕ್ಕೆ ಸಹಕರಿಸುತ್ತಿದ್ದರು. ನಮ್ಮ ದೊಡ್ಡಪ್ಪ ಹಿತ್ತಲ ಕಡೆ ಬರುವ ಮುಂಚೆ ಮೂಲೆಯಲ್ಲಿ ನಿಂತು ಎರಡು ಸಲ ಜೋರಾಗಿ ಕೆಮ್ಮುತ್ತಿದ್ದ. ಅವನಿಗೆ ಕೆಮ್ಮೇನೂ ಇರಲಿಲ್ಲ. ಮಕ್ಕಳು ಬಿಸಾಕಲಿ ಅಂತ ಕೊಡುತ್ತಿದ್ದ ನೋಟೀಸು ಅದು. ಎರಡನೇ ಕೆಮ್ಮಿನ ಹೊತ್ತಿಗೆ ಹಿತ್ತಲಲ್ಲಿ ಎಲ್ಲರೂ ಸೀಗೆ ಗಿಡ ನೋಡುತ್ತಾ ನಿಂತಿರುತ್ತಿದ್ದರು. ಆ ಮನೆಯಲ್ಲಿ ಯಾರೂ ಯಾರನ್ನೂ ಹಿಡಿಯಲಿಲ್ಲ, ಯಾರೂ ಬಿಡಲೂ ಇಲ್ಲ.

ನಮ್ಮದು ಹುಣಸೂರಿನ ಕಡೆ ಊರು. ಅಂದರೆ ಹೊಗೆಸೊಪ್ಪಿನ ಸೀಮೆ. ಅಪ್ಪನಿಗೆ ಎರಡೆಕರೆ ಹೊಗೆಸೊಪ್ಪು, ಒಂದು ಬ್ಯಾರನ್ನು. ಸೊಪ್ಪು ಮುರಿದು, ಕಡ್ಡಿಗೆ ಪೋಣಿಸಿ, ಬ್ಯಾರನ್ನಿನ ಒಳಗೆ ಸಾಲಾಗಿ ನೇತುಹಾಕಿ ಕೆಳಗೆ ಸೌದೆ ಉರಿ ಹಾಕಿದರೆ ಐದಾರು ದಿನ ಮನೆಯಲ್ಲಿ ಯಾರಿಗೂ ಸರಿಯಾದ ನಿದ್ದೆ ಇಲ್ಲ. ಉರಿ ಹೆಚ್ಚಾದರೆ ಸೊಪ್ಪು ಕಪ್ಪಾಗುತ್ತದೆ, ಕಡಿಮೆಯಾದರೆ ಹದ ಬರುವುದಿಲ್ಲ. ಅಪ್ಪ ರಾತ್ರಿ ಎರಡು ಗಂಟೆಗೂ ಎದ್ದು ಹೋಗಿ ಥರ್ಮಾಮೀಟರು ನೋಡಿ ಬರುತ್ತಿದ್ದ. ಮಗನಿಗೆ ಜ್ವರ ಬಂದಾಗಲೂ ಅಷ್ಟು ಸಲ ನೋಡಿದವನಲ್ಲ. ಇಷ್ಟಾಗಿ ಅವನು ಒಂದು ದಿನವೂ ಸಿಗರೇಟು ಮುಟ್ಟಲಿಲ್ಲ. "ನಮ್ ಸೊಪ್ಪು ಫಾರಿನ್ನಿಗೆ ಹೋಯ್ತದೆ ಕಣ್ಲಾ" ಅನ್ನುತ್ತಿದ್ದ, ಮಗನನ್ನೇ ಹಡಗು ಹತ್ತಿಸಿದವನ ಹೆಮ್ಮೆಯಲ್ಲಿ. ಹರಾಜಿನಲ್ಲಿ ಬೇಲು ಮಾರಿ ಬಂದ ದುಡ್ಡಲ್ಲೇ ನನ್ನ ಕಾಲೇಜು ಫೀಸು, ಹಾಸ್ಟೆಲ್ ಫೀಸು. ಹಾಸ್ಟೆಲ್ ಫೀಸಿನಲ್ಲಿ ಮಿಗಿಸಿದ್ದರಲ್ಲಿ ನನ್ನ ಸಿಗರೇಟು. ಅಪ್ಪನ ಸೊಪ್ಪಿನಲ್ಲಿ ಒಂದೆರಡು ಎಲೆಯಾದರೂ ಹಡಗು ಹತ್ತದೆ ಸುತ್ತಿ ಬಳಸಿ ನನ್ನ ಕೈಗೇ ಬಂದಿರಬಹುದು ಅಂತ ಆಗಾಗ ಅಂದುಕೊಳ್ಳುತ್ತೇನೆ.

ಮೊದಲ ಸಿಗರೇಟಿನ ಬಗ್ಗೆ ಯಾರೇ ಸುಳ್ಳು ಹೇಳಿದರೂ ನಂಬಬೇಡಿ. ಅದು ಯಾರಿಗೂ ಹಿಡಿಸುವುದಿಲ್ಲ. ಮೈಸೂರಿನಲ್ಲಿ ಹಾಸ್ಟೆಲಿನ ಟೆರೇಸಿನ ಮೇಲೆ, ನೀರಿನ ಟ್ಯಾಂಕಿನ ಮರೆಯಲ್ಲಿ, ಐದು ಜನಕ್ಕೆ ಒಂದು ಸಿಗರೇಟು. ನನ್ನ ಪಾಳಿ ಬಂತು. ಒಂದು ದಮ್ಮು ಎಳೆದೆ. ಗಂಟಲಲ್ಲಿ ಯಾರೋ ಮೆಣಸಿನಕಾಯಿ ಹುರಿದ ಹಾಗಾಯಿತು. ಕಣ್ಣಲ್ಲಿ ನೀರು, ತಲೆ ಗಿರ್ರ್, ಹೊಟ್ಟೆಯಲ್ಲಿ ಮಧ್ಯಾಹ್ನದ ಹುಳಿಯನ್ನ ಮೇಲಕ್ಕೋ ಕೆಳಕ್ಕೋ ಅಂತ ಯೋಚಿಸುತ್ತಿತ್ತು. ಬೇಡ ಕಣಪ್ಪಾ ಅಂತ ದೇಹ ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರದು. ಬೇರೆ ಯಾವ ತಿಂಡಿ ಹೀಗೆ ಮಾಡಿದ್ದರೂ ನಾನು ಆ ಹೋಟೆಲಿನ ಬೀದಿಗೇ ಹೋಗುತ್ತಿರಲಿಲ್ಲ. ಮಾರನೆಯ ಸಂಜೆ ಅದೇ ಟ್ಯಾಂಕಿನ ಮರೆಯಲ್ಲಿ ಹಾಜರಿದ್ದೆ.

ಯಾಕೆ? ಯಾಕೆಂದರೆ ಕೆಮ್ಮಿದಾಗ ನಾಲ್ಕೂ ಜನ ನಕ್ಕಿದ್ದರು, ಬೆನ್ನು ತಟ್ಟಿದ್ದರು, "ಮೊದ್ಲು ಎಲ್ರಿಗೂ ಹಂಗೇ ಮಗಾ" ಅಂದಿದ್ದರು. ಹಳ್ಳಿಯಿಂದ ಬಂದು ಎರಡು ತಿಂಗಳಾಗಿತ್ತು. ಅಲ್ಲಿಯ ತನಕ ನನ್ನನ್ನು ಯಾರೂ ಮಗಾ ಅಂದಿರಲಿಲ್ಲ.

ಆಮೇಲಿನದೆಲ್ಲ ಶಾಸ್ತ್ರೋಕ್ತ. ಹಾಸ್ಟೆಲಿನ ಎದುರಿನ ಗೂಡಂಗಡಿಯಲ್ಲಿ ಒಂದು ಪುಟ್ಟ ಚಿಮಣಿ ದೀಪ. ಪಕ್ಕದ ಡಬ್ಬದಲ್ಲಿ ಖಾಲಿ ಪ್ಯಾಕಿನ ರಟ್ಟನ್ನು ಕಡ್ಡಿ ಕಡ್ಡಿಯಾಗಿ ಕತ್ತರಿಸಿಟ್ಟಿದ್ದು. ಅದನ್ನು ದೀಪಕ್ಕೆ ಹಿಡಿದು ಸಿಗರೇಟು ಹಚ್ಚಿಕೊಳ್ಳಬೇಕು. ಇನ್ನೊಂದು ಅಂಗಡಿಯಲ್ಲಿ ಕಂಬಕ್ಕೆ ಕಟ್ಟಿದ ತೆಂಗಿನ ನಾರಿನ ಹಗ್ಗ, ತುದಿಯಲ್ಲಿ ಸದಾ ಕೆಂಡ. ಬೆಂಕಿಪೊಟ್ಟಣ ಇದ್ದವನೂ ಇಲ್ಲದವನ ಹಾಗೆ "ಬೆಂಕಿ ಇದ್ಯಾ ಸಾರ್?" ಅಂತ ಕೇಳುತ್ತಿದ್ದ. ಬೆಂಕಿ ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಜಾತಿ ಕೇಳದೆ, ಊರು ಕೇಳದೆ, ತುದಿಗೆ ತುದಿ ತಾಗಿಸಿ ಹಚ್ಚಿಕೊಡುತ್ತಾರೆ. ವಾಪಸು ಬರುವಾಗ ವಾರ್ಡನ್ ಮೂಗಿಗೆ ಹೆದರಿ ಸೀಬೆ ಎಲೆ ಅಗಿಯಬೇಕು. ಹಾಸ್ಟೆಲಿನ ಹಿಂದಿದ್ದ ಸೀಬೆ ಮರದಲ್ಲಿ ಕೈಗೆಟುಕುವಷ್ಟು ಎತ್ತರಕ್ಕೆ ಒಂದೆಲೆಯೂ ಉಳಿದಿರಲಿಲ್ಲ. ಅದನ್ನು ನೋಡಿದರೆ ಸಾಕಿತ್ತು, ವಾರ್ಡನ್ನಿಗೆ ನಮ್ಮ ಬಾಯಿ ಮೂಸುವ ಅಗತ್ಯವೇ ಇರಲಿಲ್ಲ.

ಇನ್ನು ಸಿನಿಮಾ. ನಮ್ಮ ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಶಿವಾಜಿ ರಾವ್ ಗಾಯಕವಾಡ್ ಮದರಾಸಿಗೆ ಹೋಗಿ ರಜನೀಕಾಂತ್ ಆಗಿ, ಸಿಗರೇಟನ್ನು ಗಾಳಿಗೆ ಎಸೆದು ತುಟಿಯಲ್ಲಿ ಹಿಡಿದದ್ದೇ ಹಿಡಿದದ್ದು, ಕಾವೇರಿಯ ಎರಡೂ ದಡದ ಹುಡುಗರು ಕೆಟ್ಟರು. ನಾವು ಕನ್ನಡಿ ಮುಂದೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೇವೆ. ಸಿಗರೇಟು ದುಬಾರಿ ಅಂತ ಕ್ಲಾಸಿನಿಂದ ಸೀಮೆಸುಣ್ಣ ಕದ್ದು ತಂದು ಎಸೆದು ಎಸೆದು ಮೂಗು, ಗದ್ದ, ಒಬ್ಬನಿಗೆ ಕಣ್ಣಿನ ರೆಪ್ಪೆ, ಎಲ್ಲ ಬಿಳಿಯಾಗುತ್ತಿತ್ತು. ನಮ್ಮ ಅಣ್ಣಾವ್ರಿಗೆ ತೆರೆಯ ಮೇಲೆ ಸಿಗರೇಟು ಹಿಡಿಯದ ನಾಯಕ ಅಂತಲೇ ಹೆಸರು. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದವರೂ ನಾವೇ, ಅವರ ಸಿನಿಮಾದ ಇಂಟರ್‌ವಲ್ಲಿನಲ್ಲಿ ಹೊರಗೆ ಓಡುತ್ತಿದ್ದವರೂ ನಾವೇ.

ಈಗ ಬೆಳ್ಳಂದೂರಿಗೆ ವಾಪಸು. ಸೊಳ್ಳೆ ಕಚ್ಚಿದ ಬೆರಳು ಚೀಪುತ್ತಾ ಅಳಿಯ ನನಗೊಂದು ಟೀ ಹೇಳಿದ. ಅಂಗಡಿಯ ಕಂಬಕ್ಕೆ ಈಗ ಹಗ್ಗ ಇಲ್ಲ, ದಾರ ಕಟ್ಟಿದ ಲೈಟರು ನೇತಾಡುತ್ತದೆ. ದಾರ ಎಷ್ಟು ಗಿಡ್ಡ ಅಂದರೆ ಸಾಫ್ಟ್‌ವೇರ್ ಇಂಜಿನಿಯರುಗಳು ಒಬ್ಬೊಬ್ಬರಾಗಿ ಬಂದು ಅಂಗಡಿಯವನಿಗೆ ತಲೆಬಾಗಿ ಹಚ್ಚಿಕೊಂಡು ಹೋಗುತ್ತಾರೆ. ಮ್ಯಾನೇಜರಿಗೂ ಇಷ್ಟು ಬಾಗಿದವರಲ್ಲ.

"ಇದ್ಯಾಕೋ ನಿನಗೆ?" ಅಂದೆ.

"ಸಿಗರೇಟಿಗೋಸ್ಕರ ಬರೋದಲ್ಲ ಮಾಮ, ಬ್ರೇಕಿಗೆ ಬರೋದು."

ಇದನ್ನು ಅವನು ತಪ್ಪಿಸಿಕೊಳ್ಳಲು ಹೇಳಿದ್ದು. ಆದರೆ ಇಡೀ ಸಂಗತಿ ಅದರಲ್ಲೇ ಇತ್ತು. ನೀವೇ ಯೋಚಿಸಿ. ಆಫೀಸಿನಲ್ಲಿ ಒಬ್ಬ ಹುಡುಗ ಸೀಟಿನಿಂದ ಎದ್ದು, ಕೆಳಗಿಳಿದು, ಕೈಕಟ್ಟಿ ಸುಮ್ಮನೆ ರಸ್ತೆ ನೋಡುತ್ತಾ ಹತ್ತು ನಿಮಿಷ ನಿಂತರೆ ಏನಂತಾರೆ? ಇವನಿಗೆ ಕೆಲಸ ಇಲ್ಲ ಅಂತಾರೆ. ಅಥವಾ ಮನೆಯಲ್ಲಿ ಏನೋ ತೊಂದರೆ ಅಂತ ಎಚ್.ಆರ್.ನಿಂದ ಮೇಲ್ ಬರುತ್ತದೆ. ಅದೇ ಹುಡುಗ ಬೆರಳ ನಡುವೆ ಒಂದು ಬಿಳಿ ಕಡ್ಡಿ ಇಟ್ಟುಕೊಂಡು ನಿಂತರೆ, ಬ್ರೇಕಿನಲ್ಲಿದ್ದಾನೆ ಅಂತಾರೆ. ಸುಮ್ಮನೆ ನಿಲ್ಲಲು ಈ ಕಾಲದಲ್ಲಿ ಲೈಸೆನ್ಸು ಬೇಕು. ಟೀ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆ, ಐದಾರು ನಿಮಿಷ ಚಾಲ್ತಿಯಲ್ಲಿರುತ್ತದೆ. ನಮ್ಮಜ್ಜಂದಿರಿಗೆ ಅರಳಿಕಟ್ಟೆ ಇತ್ತು, ಅಲ್ಲಿ ಕೂರಲು ಏನನ್ನೂ ಸುಡಬೇಕಿರಲಿಲ್ಲ. ಹೌದು, ಅವರೂ ಅಲ್ಲಿ ಕೂತು ಬೀಡಿ ಸುಡುತ್ತಿದ್ದರು ಅನ್ನುವುದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ.

ಅಷ್ಟೇ ಅಲ್ಲ. ಆ ಹತ್ತು ನಿಮಿಷದಲ್ಲಿ ಅಲ್ಲಿ ಏನೇನು ನಡೆಯುತ್ತದೆ! ಯಾರು ಪೇಪರ್ ಹಾಕಿದ, ಯಾವ ಪ್ರಾಜೆಕ್ಟು ಮುಳುಗುತ್ತಿದೆ, ಸಂಬಳದ ಹೈಕು ಎಷ್ಟು ಕೊಡ್ತಾರಂತೆ. ಮೀಟಿಂಗಿನಲ್ಲಿ ಬಾಯಿ ಬಿಡದ ಟೀಮ್ ಲೀಡು ಇಲ್ಲಿ ಹೊಗೆಯ ಜೊತೆ ಗುಟ್ಟನ್ನೂ ಬಿಡುತ್ತಾನೆ. ಅಳಿಯನ ಟೀಮಿಗೆ ಸೇರಿದ ಹೊಸ ಹುಡುಗನೊಬ್ಬ ಸೇದುತ್ತಿರಲಿಲ್ಲವಂತೆ. ಮೂರು ತಿಂಗಳು ಮೇಲೆ ಎಸಿಯಲ್ಲಿ ಒಬ್ಬನೇ ಕೂತ. ಎಲ್ಲ ಸುದ್ದಿಯೂ ಅವನಿಗೆ ಹಳಸಿದ ಮೇಲೆ ತಲುಪುತ್ತಿತ್ತು. ನಾಲ್ಕನೇ ತಿಂಗಳು ಕೆಳಗೆ ಬಂದ, ಟೀ ಕುಡಿದ. ಐದನೇ ತಿಂಗಳು "ಒಂದ್ ಪಫ್ ಕೊಡಿ ನೋಡೋಣ" ಅಂದ. ಅವನಿಗೆ ಯಾರೂ ಬಲವಂತ ಮಾಡಲಿಲ್ಲ ಅನ್ನುತ್ತಾನೆ ಅಳಿಯ. ನಿಜ. ಬಾಗಿಲು ಎಲ್ಲಿದೆ ಅಂತ ಅವನೇ ಕಂಡುಕೊಂಡ.

"ಅಲ್ಲದೆ ನಾನೇನು ಸ್ಮೋಕರ್ ಅಲ್ಲ ಮಾಮ. ಸೋಷಿಯಲ್ ಸ್ಮೋಕರ್" ಅಂದ.

ಇದೊಂದು ಹೊಸ ಜಾತಿ. ಇವರು ಪ್ಯಾಕು ಕೊಳ್ಳುವುದಿಲ್ಲ. ಪ್ಯಾಕು ಕೊಂಡರೆ ಸ್ಮೋಕರ್ ಆಗಿಬಿಡುತ್ತಾರಲ್ಲ! ಬಿಡಿಯಾಗಿ ಒಂದೊಂದೇ ತೆಗೆದುಕೊಳ್ಳುತ್ತಾರೆ, ದಿನಕ್ಕೆ ಏಳೆಂಟು ಸಲ. ಸಾಲ ಮಾಡಿಲ್ಲ, ಕೈಬದಲು ತಗೊಂಡಿದ್ದೀನಿ ಅನ್ನುವವರ ಪೈಕಿ. 2016ರ ಏಪ್ರಿಲಿನಿಂದ ಪ್ಯಾಕಿನ ಎರಡೂ ಬದಿಯ ನೂರಕ್ಕೆ 85 ಭಾಗವನ್ನು ಎಚ್ಚರಿಕೆಯ ಚಿತ್ರವೇ ತುಂಬಿರಬೇಕು ಅಂತ ಸರ್ಕಾರ ನಿಯಮ ತಂದಿತು. ನೋಡಿದರೆ ಊಟ ಸೇರದಂಥ ಚಿತ್ರಗಳು. ಆದರೆ ಬಿಡಿ ಸಿಗರೇಟಿನವನಿಗೆ ಪ್ಯಾಕು ಕಾಣುವುದೇ ಇಲ್ಲವಲ್ಲ. ಬೆಳಗಿನಿಂದ ರಾತ್ರಿಯವರೆಗೆ ಆ ಚಿತ್ರ ನೋಡುವವನು ಅಂಗಡಿಯವನು, ಪಾಪ. ಅವನು ಸೇದುವುದಿಲ್ಲ. ಕೇಳಿದೆ. "ದಿನಾ ಇದ್ನೇ ನೋಡಿ ನೋಡಿ ಬೇಜಾರು ಸಾರ್" ಅಂದ. ಸರ್ಕಾರದ ಪ್ರಚಾರ ಒಬ್ಬನ ಮೇಲಾದರೂ ಪರಿಣಾಮ ಬೀರಿದೆ.

ಬಿಡಿಯಾಗಿ ಮಾರುವಂತಿಲ್ಲ ಅಂತ ಕರ್ನಾಟಕದಲ್ಲಿ 2017ರಲ್ಲೇ ಆದೇಶವಾಗಿದೆ. ಸಾರ್ವಜನಿಕ ಸ್ಥಳದಲ್ಲಿ ಸೇದಬಾರದು ಅಂತ 2008ರ ಗಾಂಧಿ ಜಯಂತಿಯಿಂದ ದೇಶಕ್ಕೆಲ್ಲ ನಿಯಮ ಇದೆ. 2025ರಲ್ಲಿ ತಂಬಾಕು ಕಾಯ್ದೆಗೆ ನಮ್ಮ ರಾಜ್ಯದ ತಿದ್ದುಪಡಿ ಜಾರಿಗೆ ಬಂದು ದಂಡ 200ರಿಂದ 1000 ರೂಪಾಯಿಗೆ ಏರಿತು, ಕೊಳ್ಳುವವನಿಗೆ 18 ಅಲ್ಲ 21 ತುಂಬಿರಬೇಕು ಅಂತಾಯಿತು, ಹುಕ್ಕಾ ಬಾರಿಗೆ ಬೀಗ ಬಿತ್ತು. ಈ ಅಂಗಡಿಯಲ್ಲೂ ಬೋರ್ಡು ಇದೆ. ಲೈಟರು ಕಟ್ಟಿರುವುದು ಆ ಬೋರ್ಡಿನ ಮೊಳೆಗೇ.

"ಎಲ್ರೂ ಸೇದ್ತಾರೆ ಮಾಮ, ನೀವು ಒಳ್ಳೆ..." ಅಂದ ಅಳಿಯ.

ಈ "ಎಲ್ರೂ" ಅನ್ನುವವರನ್ನು ನಾನು ತುಂಬಾ ದಿನದಿಂದ ಹುಡುಕುತ್ತಿದ್ದೇನೆ. 2016–17ರಲ್ಲಿ ಕೇಂದ್ರ ಸರ್ಕಾರ ನಡೆಸಿದ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಹೊಗೆ ಬಿಡುವವರು ಅಂತ ಸಿಕ್ಕಿದ್ದು ನೂರಕ್ಕೆ 10.7 ಜನ. ಗಂಡಸರಲ್ಲಿ 19, ಹೆಂಗಸರಲ್ಲಿ 2. ಐದು ಗಂಡಸರಲ್ಲಿ ನಾಲ್ವರು ಸೇದುವುದಿಲ್ಲ. ಆದರೆ ಸೇದದವರು ಒಂದು ಕಡೆ ಗುಂಪು ಕಟ್ಟಿಕೊಂಡು "ನೋಡಿ, ನಾವು ಸೇದುತ್ತಿಲ್ಲ" ಅಂತ ನಿಲ್ಲುವುದಿಲ್ಲವಲ್ಲ. ಅವರು ಎಲ್ಲೋ ಚದುರಿ ತಮ್ಮ ಪಾಡಿಗೆ ಇರುತ್ತಾರೆ. ಸೇದುವ ಐದೇ ಜನ ಗೇಟಿನ ಎದುರೇ ನಿಂತರೆ ಊರಿಗೆ ಊರೇ ಸೇದುತ್ತಿದೆ ಅನ್ನಿಸುತ್ತದೆ. ಎರಡು ಲೌಡ್‌ಸ್ಪೀಕರ್ ಇದ್ದರೆ ಇಡೀ ಬಡಾವಣೆಯೇ ಗಣೇಶ ಕೂರಿಸಿದೆ ಅನ್ನಿಸುವುದಿಲ್ಲವೇ, ಹಾಗೆ.

ಅಷ್ಟರಲ್ಲಿ ಆ ಹುಡುಗಿ ಲೈಟರಿನ ಕಡೆ ಹೋದಳು. ಪಕ್ಕದ ಬೆಂಚಿನಲ್ಲಿ ಬೀಡಿ ಸೇದುತ್ತಿದ್ದ ಯಜಮಾನರೊಬ್ಬರು ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕಾಲ ಕೆಟ್ಟೋಯ್ತು" ಅಂತ ಹೊಗೆ ಬಿಟ್ಟರು. ಅವರ ಬೀಡಿಯಿಂದ ಕಾಲ ಕೆಡುವುದಿಲ್ಲ, ಆಕೆಯದರಿಂದ ಕೆಡುತ್ತದೆ. ನಮ್ಮಜ್ಜಿಯ ಎಲೆಚೀಲದಲ್ಲಿ ಅಡಿಕೆಗಿಂತ ಹೊಗೆಸೊಪ್ಪೇ ಜಾಸ್ತಿ ಇರುತ್ತಿತ್ತು. ಅವಳನ್ನು ಯಾರೂ ಏನೂ ಅನ್ನಲಿಲ್ಲ, ಎಲೆಚೀಲ ಹೊಲಿದುಕೊಟ್ಟವನೇ ನಮ್ಮಪ್ಪ. ಈಗಿನ ಹುಡುಗಿಗೆ ಸಿಗರೇಟು ಅಂದರೆ ಆ ಯಜಮಾನರ ನೋಟಕ್ಕೆ ಕೊಡುವ ಉತ್ತರ. ಅವರು ಹಾಗೆ ನೋಡಿದಷ್ಟೂ ಆಕೆ ಇನ್ನೊಂದು ಹಚ್ಚುತ್ತಾಳೆ.

ಈ ಗುಟ್ಟನ್ನು ಸುಮಾರು ನೂರು ವರ್ಷದ ಹಿಂದೆಯೇ ಅಮೆರಿಕದಲ್ಲಿ ಒಬ್ಬ ಕಂಡುಹಿಡಿದಿದ್ದ. ಎಡ್ವರ್ಡ್ ಬರ್ನೇಸ್ ಅಂತ, ಸಾಕ್ಷಾತ್ ಸಿಗ್ಮಂಡ್ ಫ್ರಾಯ್ಡನ ಅಳಿಯ, ತಂಗಿಯ ಮಗ. ಲಕ್ಕಿ ಸ್ಟ್ರೈಕ್ ಮಾರುವ ಕಂಪನಿಗೆ ಹೆಂಗಸರ ಗಿರಾಕಿ ಬೇಕಿತ್ತು. ಹೆಂಗಸು ಬೀದಿಯಲ್ಲಿ ಸೇದಿದರೆ ಜನ ಆಡಿಕೊಳ್ಳುತ್ತಿದ್ದ ಕಾಲ. ಇವನು ಬ್ರಿಲ್ ಅನ್ನುವ ಮನೋವಿಶ್ಲೇಷಕನಿಗೆ ಫೀಸು ಕೊಟ್ಟು ಸಲಹೆ ಕೇಳಿದ. ಸಿಗರೇಟು ಅವರಿಗೆ ಸ್ವಾತಂತ್ರ್ಯದ ಪಂಜು ಅಂದ ಆತ. ಸರಿ, 1929ರ ಈಸ್ಟರ್ ಭಾನುವಾರ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂನಲ್ಲಿ ಮೆರವಣಿಗೆಯ ನಡುವೆ ಕೆಲವು ಯುವತಿಯರು ಸಿಗರೇಟು ಹಚ್ಚುವ ಹಾಗೆ ಏರ್ಪಾಡಾಯಿತು. ಪತ್ರಿಕೆಗಳಿಗೆ ಮುಂಚೆಯೇ ಸುದ್ದಿ ಹೋಗಿತ್ತು. ಸ್ವಾತಂತ್ರ್ಯ ಹೆಂಗಸರಿಗೆ, ದುಡ್ಡು ಕಂಪನಿಗೆ. ತಮಾಷೆ ಅಂದರೆ ಈ ಬರ್ನೇಸನಿಗೆ ತನ್ನ ಹೆಂಡತಿ ಸೇದುವುದು ಸುತರಾಂ ಇಷ್ಟವಿರಲಿಲ್ಲ. ನಮ್ಮಪ್ಪನೇ ವಾಸಿ, ಅವನು ಬೆಳೆಯುತ್ತಿದ್ದುದನ್ನು ಯಾರಿಗೂ ಪಂಜು ಅಂತ ಮಾರಲಿಲ್ಲ.

"ಟೆನ್ಷನ್ ಮಾಮ. ನಿಮಗೆ ಗೊತ್ತಾಗಲ್ಲ. ಒಂದು ಎಳೆದ್ರೆ ತಲೆ ಹಗುರ ಆಗುತ್ತೆ."

ಆಗುತ್ತದೆ, ಸುಳ್ಳಲ್ಲ. ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ತಲುಪುತ್ತದೆ. ಬೆಳ್ಳಂದೂರಿನಲ್ಲಿ ಅಷ್ಟು ಬೇಗ ತಲುಪುವುದು ಅದೊಂದೇ. ಅಲ್ಲಿ ಡೋಪಮಿನ್ ಚಿಮ್ಮುತ್ತದೆ, ಆಹಾ ಅನ್ನಿಸುತ್ತದೆ. ಗಂಟೆ ಎರಡು ಗಂಟೆಗೆ ನಿಕೋಟಿನ್ ಇಳಿಯುತ್ತಾ ಬಂದ ಹಾಗೆ ಚಡಪಡಿಕೆ, ಸಿಡುಕು, ಕೀಬೋರ್ಡಿನ ಮೇಲೆ ಕೋಪ. ಕೆಳಗೆ ಬಂದು ಇನ್ನೊಂದು ಎಳೆದರೆ ಮತ್ತೆ ಹಗುರ. ಮನೆ ಓನರ್ರು ತಾನೇ ಮೇಲಿನ ವಾಲ್ವ್ ತಿರುಗಿಸಿ ನಲ್ಲಿ ನೀರು ನಿಲ್ಲಿಸಿ, ಆಮೇಲೆ ತಾನೇ ಒಂದು ಬಿಂದಿಗೆ ನೀರು ತಂದುಕೊಟ್ಟು, ಬಾಡಿಗೆಯವರಿಂದ "ದೇವರಂಥ ಮನುಷ್ಯ" ಅನ್ನಿಸಿಕೊಂಡ ಕಥೆ ಇದು. ಟೆನ್ಷನ್ನಿನಲ್ಲಿ ಅರ್ಧ ಕಂಪನಿಯದು, ಇನ್ನರ್ಧ ಹೋದ ಸಿಗರೇಟಿನದು. ಯಾವುದು ಯಾರದು ಅಂತ ಹುಡುಗನಿಗೆ ಹೇಗೆ ಗೊತ್ತಾಗಬೇಕು? ನನಗೆ ಹದಿನಾಲ್ಕು ವರ್ಷ ಗೊತ್ತಾಗಲಿಲ್ಲ.

"ಮೂವತ್ತಕ್ಕೆ ಬಿಟ್‌ಬಿಡ್ತೀನಿ. ಅಷ್ಟರಲ್ಲಿ ಬಿಟ್ರೆ ಏನೂ ಆಗಲ್ವಂತೆ, ಸ್ಟಡಿ ಇದೆ."

ಓದಿದ ಮಕ್ಕಳ ಜೊತೆ ಇದೇ ಕಷ್ಟ. ಸ್ಟಡಿ ಇರುವುದು ನಿಜ. ರಿಚರ್ಡ್ ಡಾಲ್ ಅನ್ನುವವರು ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಹಿಂಬಾಲಿಸಿ 2004ರಲ್ಲಿ ಲೆಕ್ಕ ಕೊಟ್ಟರು. ಸೇದುತ್ತಲೇ ಇದ್ದವರು ಸೇದದವರಿಗಿಂತ ಸುಮಾರು ಹತ್ತು ವರ್ಷ ಮುಂಚೆ ಸತ್ತರು. ಮೂವತ್ತರ ಹೊತ್ತಿಗೆ ಬಿಟ್ಟವರು ಆ ಹತ್ತನ್ನು ಹೆಚ್ಚುಕಡಿಮೆ ಪೂರ್ತಿ ಉಳಿಸಿಕೊಂಡರು. ಆದರೆ ಡಾಲ್ ಲೆಕ್ಕ ಹಾಕಿದ್ದು ಮೂವತ್ತಕ್ಕೆ ಬಿಟ್ಟವರದು. ಮೂವತ್ತಕ್ಕೆ ಬಿಡುತ್ತೇನೆ ಅಂದವರದಲ್ಲ. ಇಷ್ಟು ಹೇಳಿದೆ. ಅವನು ಟೀ ಲೋಟ ನೋಡುತ್ತಾ ನಿಂತ.

ನಾನು ನಾಲ್ಕು ಸಲ ಬಿಟ್ಟವನು. ಯುಗಾದಿಗೆ ಒಮ್ಮೆ, ಮದುವೆಗೆ ಒಮ್ಮೆ, ಮಗಳು ಹುಟ್ಟಿದಾಗ ಒಮ್ಮೆ. ಪ್ರತಿ ಸಲವೂ ಮೊದಲ ವಾರದ ಚಡಪಡಿಕೆ, ಮಲಬದ್ಧತೆ, ಸಿಡುಕು ಎಲ್ಲ ಗೆದ್ದಿದ್ದೇನೆ. ಗೆಲ್ಲಲಾಗದೆ ಹೋದದ್ದು "ಬಾರೋ" ಅನ್ನುವ ಒಂದು ಮಾತನ್ನು. ನಮ್ಮ ಆಫೀಸಿನಲ್ಲಿ ಒಬ್ಬ ಗೆಳೆಯ, ಪಕ್ಕದ ಮೇಜು. ಮೂರೂವರೆಗೆ ಸರಿಯಾಗಿ ಕುರ್ಚಿ ಹಿಂದೆ ಸರಿಸಿ "ಬಾರೋ" ಅನ್ನುತ್ತಿದ್ದ. ಆ ಕುರ್ಚಿಯ ಸದ್ದಿಗೇ ನನ್ನ ಬಾಯಲ್ಲಿ ನೀರೂರುತ್ತಿತ್ತು. ಅವನಿಗೆ ಬೀದರಿಗೆ ವರ್ಗವಾಯಿತು. ನಾನು ನಾಲ್ಕನೇ ಸಲ ಬಿಟ್ಟೆ, ಮತ್ತೆ ಹಚ್ಚಲಿಲ್ಲ. ಮನೆಯಲ್ಲಿ ಇದನ್ನು ನನ್ನ ಮನೋಬಲ ಅಂತ ಹೇಳಿಕೊಳ್ಳುತ್ತೇನೆ. ಅಸಲಿಗೆ ಅದು ಸರ್ಕಾರದ ವರ್ಗಾವಣೆ ಆದೇಶ.

ನನ್ನೊಬ್ಬನ ಹಣೆಬರಹ ಅಂದುಕೊಂಡಿದ್ದೆ. ಕ್ರಿಸ್ಟಾಕಿಸ್ ಮತ್ತು ಫೌಲರ್ ಅನ್ನುವ ಇಬ್ಬರು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಹೃದಯ ಅಧ್ಯಯನದ ಹನ್ನೆರಡು ಸಾವಿರ ಜನರ ಸ್ನೇಹ, ಸಂಬಂಧ ಎಲ್ಲ ಜಾಲಾಡಿ 2008ರಲ್ಲಿ ಬರೆದರು: ಜನ ಒಬ್ಬೊಬ್ಬರಾಗಿ ಬಿಡುವುದಿಲ್ಲ, ಗುಂಪುಗುಂಪಾಗಿ ಬಿಡುತ್ತಾರೆ. ಗಂಡ ಬಿಟ್ಟರೆ ಹೆಂಡತಿ ಸೇದುವ, ಹೆಂಡತಿ ಬಿಟ್ಟರೆ ಗಂಡ ಸೇದುವ ಸಾಧ್ಯತೆ ನೂರಕ್ಕೆ 67ರಷ್ಟು ಇಳಿಯುತ್ತದೆ. ಗೆಳೆಯ ಬಿಟ್ಟರೆ 36, ಸಣ್ಣ ಆಫೀಸಿನಲ್ಲಿ ಸಹೋದ್ಯೋಗಿ ಬಿಟ್ಟರೆ 34. ಬೀದರಿಗೆ ಹೋದರೆ ಎಷ್ಟು ಅಂತ ಅವರು ಬರೆದಿಲ್ಲ.

ಇದಾಗಿ ನಾಲ್ಕು ತಿಂಗಳಾದ ಮೇಲೆ ಮತ್ತೆ ಆ ಕಡೆ ಹೋದೆ. ಅಷ್ಟರಲ್ಲಿ ಅಕ್ಕ ಫೋನಿನಲ್ಲಿ, ಮಗ ಯಾಕೋ ದಪ್ಪಗಾಗುತ್ತಿದ್ದಾನೆ ಅಂತ ಸಂತೋಷಪಟ್ಟಿದ್ದಳು. ನನಗೆ ಅನುಮಾನ ಬಂದಿತ್ತು. ಅವರ ಟೀಮ್ ಲೀಡಿಗೆ ಮಗು ಹುಟ್ಟಿತಂತೆ, ಹೆಂಡತಿ ಮಗುವನ್ನು ಅವನ ಕೈಗೆ ಕೊಡಲು ಒಪ್ಪಲಿಲ್ಲವಂತೆ, ಶರಟಿನ ವಾಸನೆಗೆ. ಅವನು ಬಿಟ್ಟ. ಮೂರೂವರೆಗೆ ಕುರ್ಚಿ ಸರಿಸುವವರು ಇಲ್ಲವಾಗಿ ಉಳಿದವರೂ ಒಬ್ಬೊಬ್ಬರಾಗಿ ಉದುರಿದರು. ಆದರೆ ಬ್ರೇಕು ಬಿಟ್ಟಿಲ್ಲ. ಅದೇ ಅಂಗಡಿ, ಅದೇ ಕಂಬ, ಅದೇ ಹೈಕಿನ ಮಾತು.

ಮುಂಚೆ ಹೇಳದೆಯೇ ಹೋದೆ, ಬೇಕಂತಲೇ. ಗುಂಪು ನಿಂತಿತ್ತು. ಹಿಂದಿನಿಂದ ಹೋಗಿ, ದೊಡ್ಡಪ್ಪನ ನೆನಪಾಗಿ, ಎರಡು ಸಲ ಕೆಮ್ಮಿದೆ. ನಮ್ಮವನು ತಿರುಗಿದ. ಬಲಗೈ ಸರಕ್ಕನೆ ಬೆನ್ನ ಹಿಂದೆ ಹೋಯಿತು.

"ಏನೋ ಅದು? ತೋರಿಸು."

ಅವನಿಗೂ ಆಗಲೇ ಹೊಳೆದದ್ದು. ನಾಚಿಕೊಂಡು ಕೈ ಮುಂದೆ ತಂದ. ಅರ್ಧ ಕಚ್ಚಿದ ಕಡಲೆ ಮಿಠಾಯಿ.